ಬಚ್ಚಲಮನೆಯ ನೆಲದಲ್ಲಿ ಕರೆಂಟು

ಇಲ್ಲಿಯವರು ಬಚ್ಚಲಮನೆಯ ನೆಲದೊಳಗೆ ಕರೆಂಟಿನ ತಂತಿ ಹೂಳುತ್ತಾರೆ. ಆಸ್ಪತ್ರೆಯ ಊಟದ ಕೋಣೆಯಲ್ಲಿ ಜತೆಯ ನರ್ಸ್ ಒಬ್ಬಳು ಮೊದಲ ಸಲ ಇದನ್ನು ಹೇಳಿದಾಗ ನನ್ನ ಅರೆಬರೆ ಜರ್ಮನ್ ಕೈಕೊಟ್ಟಿತೆಂದೇ ತಿಳಿದೆ. ಅವಳು ಮತ್ತೊಮ್ಮೆ ನಿಧಾನವಾಗಿ ಹೇಳಿದಳು: ಫೂಸ್‌ಬೋಡನ್‌ಹೈಟ್ಸುಂಗ್. ನೆಲವನ್ನೇ ಬೆಚ್ಚಗೆ ಮಾಡುವ ವ್ಯವಸ್ಥೆ. ಟೈಲ್ಸ್ ಕೆಳಗೆ ತಂತಿ, ತಂತಿಯಲ್ಲಿ ಕರೆಂಟು, ಮೇಲೆ ಒದ್ದೆ ಬರಿಗಾಲಿನ ಮನುಷ್ಯ. ಚಳಿಗಾಲದಲ್ಲಿ ಅದರಷ್ಟು ಸುಖ ಬೇರೆಯಿಲ್ಲ ಎಂದು ಅವಳು ಬೆಣ್ಣೆ ಸವರಿದ ಬ್ರೆಡ್ಡು ತಿನ್ನುತ್ತ ಹೇಳಿದಳು. ನನ್ನ ಕೈಯಲ್ಲಿದ್ದ ರೊಟ್ಟಿಯ ತುಣುಕು ಡಬ್ಬಿಗೆ ವಾಪಸಾಯಿತು.

ನಾನು ರಬಕವಿಯವಳು. ಪಾವರ್‌ಲೂಮ್ ಮಗ್ಗದ ಸದ್ದಿನಲ್ಲೇ ಮಲಗಿ, ಆ ಸದ್ದು ನಿಂತರೆ ಎಚ್ಚರಾಗುವ ಮನೆಯಲ್ಲಿ ಬೆಳೆದವಳು. ನನಗೆ ಒಂಬತ್ತು ವರ್ಷವಿದ್ದಾಗ ಮಳೆಗಾಲದ ಒಂದು ದಿನ ಶೆಡ್ಡಿನ ನೆಲದಲ್ಲಿ ನೀರು ಹರಡಿತ್ತು. ಚಿಕ್ಕಪ್ಪನ ಹೆಂಡತಿ ನೀಲವ್ವ ಚಿಗವ್ವ ಬರಿಗಾಲಲ್ಲಿ ಹೋಗಿ ನೂಲು ಸುತ್ತುವ ಯಂತ್ರಕ್ಕೆ ಕೈಹಚ್ಚಿದಳು, ಹಚ್ಚಿದ ಕೈ ಬಿಡಲಿಲ್ಲ. ಅಪ್ಪ ಓಡಿಹೋಗಿ ಮೇನ್ ಸ್ವಿಚ್ ಇಳಿಸುವವರೆಗೆ ಅವಳ ಬಾಯಿಂದ ಸಣ್ಣ ಸದ್ದೂ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನನ್ನೇ ನೋಡುತ್ತಿದ್ದಳು. ಜೀವ ಉಳಿಯಿತು. ಬಲಗೈಯ ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ರೊಟ್ಟಿ ಬಡಿಯುವುದನ್ನು ಅವಳು ಎಡಗೈಯಲ್ಲಿ ಹೊಸದಾಗಿ ಕಲಿತಳು. ಮನೆಯಲ್ಲಿ ಎಲ್ಲರೂ ಅದನ್ನು ಹಣೆಬರಹ ಎಂದರು, ಚಿಗವ್ವನೂ ಹಾಗೇ ಹೇಳುತ್ತಿದ್ದಳು.

ಜಮಖಂಡಿಯಲ್ಲಿ ನರ್ಸಿಂಗ್ ಓದಿ, ಕೆಲವು ವರ್ಷ ಮುಧೋಳದಲ್ಲಿ ಕೆಲಸ ಮಾಡಿ, ಪೂರ್ವ ಜರ್ಮನಿಯ ಈ ಸಣ್ಣ ಬೆಟ್ಟದೂರಿಗೆ ಬಂದು ಆರು ವರ್ಷವಾಯಿತು. ಮೊದಲ ಎರಡು ವರ್ಷ ಒಬ್ಬಳೇ ಇದ್ದೆ. ಭಾನುವಾರ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂರುತ್ತಿತ್ತು. ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಹುಡುಕಿದವಳಿಗೆ, ಬೀದಿಯಲ್ಲಿ ಒಂದು ಮುಖ ಕಾಣಲಿ ಎಂದು ಕಿಟಕಿಯಲ್ಲಿ ನಿಲ್ಲುವುದು ರೂಢಿಯಾಯಿತು. ಆಮೇಲೆ ಗಂಡ ಬಸವರಾಜ ಬಂದರು. ಅವರು ಬೀಳಗಿ ತಾಲೂಕಿನ ಅನಗವಾಡಿಯವರು. ಬೀಳಗಿ, ಮುಧೋಳದ ಎಷ್ಟೋ ಮನೆಗಳ ನೆಲಕ್ಕೆ ಫರ್ಶಿ ಕಲ್ಲು ಕೂರಿಸಿದ ಕೈ ಅವರದು. ಇಲ್ಲಿ ಆ ಕೆಲಸದವನಿಗೆ ಫ್ಲೀಜನ್‌ಲೇಗರ್ ಎನ್ನುತ್ತಾರೆ, ಟೈಲ್ಸ್ ಹಾಕುವವನು. ಆದರೆ ಇಲ್ಲಿಯ ಪ್ರಮಾಣಪತ್ರವಿಲ್ಲದ ಕಾರಣ ನಾಲ್ಕು ವರ್ಷ ಅವರು ಬೇರೆಯವರಿಗೆ ಅಂಟು ಕಲಸಿ ಕೊಡುವುದರಲ್ಲೇ ಕಳೆದರು. ಊರಲ್ಲಿ ಮಿಸ್ತ್ರಿ ಅನ್ನಿಸಿಕೊಂಡವರು ಇಲ್ಲಿ ಬಕೆಟ್ ಹೊತ್ತರು.

ಮಗಳು ಗೌರಿ ಇಲ್ಲೇ ಹುಟ್ಟಿದಳು. ಕಳೆದ ವರ್ಷ ನಾವೊಂದು ಹಳೆಯ ಸಣ್ಣ ಮನೆ ತಗೊಂಡೆವು. ಉಳಿದ ಕೋಣೆಗಳಲ್ಲಿ ಗೋಡೆಗೆ ಕಬ್ಬಿಣದ ಹೀಟರುಗಳಿದ್ದವು. ಬಚ್ಚಲಮನೆ ಮಾತ್ರ ಉತ್ತರಕ್ಕೆ ಮುಖಮಾಡಿದ ಇಕ್ಕಟ್ಟಿನ ಕೋಣೆ, ಹೀಟರಿಗೆ ಜಾಗವೇ ಇರಲಿಲ್ಲ. ಅಕ್ಟೋಬರ್ ಕಳೆಯುತ್ತಲೇ ಅದರ ನೆಲ ಮಂಜುಗಡ್ಡೆಯಾಯಿತು. ಇಲ್ಲಿಯವರು ಮನೆಯೊಳಗೂ ಉಣ್ಣೆಯ ಚಪ್ಪಲಿ ಹಾಕುತ್ತಾರೆ. ಚಪ್ಪಲಿ ಹೊಸ್ತಿಲಾಚೆ ಬಿಡುವುದನ್ನು ಮೂರು ವರ್ಷದ ಮಗಳಿಗೆ ಕಷ್ಟಪಟ್ಟು ಕಲಿಸಿದ ನಾನು, ಈಗ ಅದನ್ನು ಹಾಕಿಕೋ ಎಂದು ಅವಳ ಹಿಂದೆ ಓಡಬೇಕಾಯಿತು. ಅವಳಿಗೆ ಕೆಮ್ಮು ಹಿಡಿಯಿತು, ವಾರಗಟ್ಟಲೆ ಬಿಡಲಿಲ್ಲ.

ಹೇಗೂ ಆ ಕೋಣೆಯ ಟೈಲ್ಸ್ ಒಡೆದಿವೆ, ಕಿತ್ತು ಹೊಸದು ಹಾಕುವಾಗ ಕೆಳಗೆ ಹೀಟರಿನ ತಂತಿಯನ್ನೂ ಹಾಸಿಬಿಡೋಣ ಎಂದರು ಬಸವರಾಜ. ನಾನು ಬೇಡವೆಂದೆ. ಮೂರು ದಿನ ಬೇಡವೆಂದೆ. ನಾಲ್ಕನೆಯ ದಿನ ಗೌರಿ ಸ್ನಾನ ಮುಗಿಸಿ ತುಟಿ ನೀಲಿಯಾಗಿಸಿಕೊಂಡು ಬಂದಾಗ ಆಗಲಿ ಎಂದೆ.

ನಿಯಮ ಇಲ್ಲಿ ಸ್ಪಷ್ಟ. ತಂತಿಯ ಚಾಪೆಯನ್ನು ಮನೆಯವರು ಹಾಸಬಹುದು, ಮೇಲೆ ಟೈಲ್ಸ್ ಕೂರಿಸಬಹುದು. ಕರೆಂಟಿಗೆ ಜೋಡಿಸುವುದು ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ. ನಮಗೆ ಸಿಕ್ಕಿದವರು ಫ್ರೌ ಲೆಂಟ್ಸ್, ಅರವತ್ತರ ಹತ್ತಿರದ ಹೆಂಗಸು. ಫ್ರೌ ಅಂದರೆ ನಮ್ಮ ‘ಅಕ್ಕಾರು’ ಇದ್ದ ಹಾಗೆ, ಮರ್ಯಾದೆಯ ಮಾತು. ಅವರಿಗೆ ಫೋನ್ ಮಾಡಿ, ಎದುರಿನವರ ಮುಖ ಕಾಣದೆಯೂ ಜರ್ಮನ್ ಭಾಷೆಯಲ್ಲಿ ಪೂರ್ತಿ ಮಾತು ಮುಗಿಸಿದ್ದು ನನ್ನ ಮಟ್ಟಿಗೆ ಸಣ್ಣ ಗೆಲುವೇ.

ಅವರು ಕೋಣೆ ನೋಡಲು ಬಂದಾಗ ನಾನು ಚಿಗವ್ವನ ಕತೆ ಹೇಳಿದೆ. ವ್ಯಾಕರಣ ಎಲ್ಲೆಲ್ಲೋ ಹೋಯಿತು. ಅವರು ನಗಲಿಲ್ಲ. ನನ್ನನ್ನು ಮೀಟರ್ ಪೆಟ್ಟಿಗೆಯ ಮುಂದೆ ನಿಲ್ಲಿಸಿ ಒಂದು ಸ್ವಿಚ್ ತೋರಿಸಿದರು. ಅದಕ್ಕಿಲ್ಲಿ ಎಫ್‌ಈ ಎನ್ನುತ್ತಾರೆ. ಹೋದ ಕರೆಂಟು ಅಷ್ಟೇ ವಾಪಸು ಬರುತ್ತಿದೆಯೇ ಎಂದು ಅದು ಸದಾ ನೋಡುತ್ತಿರುತ್ತದೆ. ಸ್ವಲ್ಪ ಮನುಷ್ಯನ ಮೈಗೋ ಒದ್ದೆ ನೆಲಕ್ಕೋ ಸೋರಿತು ಅಂದರೆ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಆರಿಸುತ್ತದೆ. ಅದರ ಪರೀಕ್ಷೆಯ ಗುಂಡಿಯನ್ನು ನನ್ನ ಕೈಯಿಂದಲೇ ಒತ್ತಿಸಿದರು. ಟಕ್ ಎಂದು ಅಡುಗೆಮನೆಯ ರೇಡಿಯೋ ನಿಂತಿತು. ಆಗಾಗ ಹೀಗೆ ಒತ್ತಿ ನೋಡಬೇಕು, ಆರದಿದ್ದರೆ ಕೂಡಲೇ ನನ್ನನ್ನು ಕರೆಯಬೇಕು ಎಂದರು. ನಮ್ಮ ಶೆಡ್ಡಿನಲ್ಲಿ ಫ್ಯೂಜ್ ಹಾರಿದರೆ ಮತ್ತೆ ಹಾರದಿರಲಿ ಎಂದು ದಪ್ಪ ತಂತಿ ಕಟ್ಟುತ್ತಿದ್ದುದು ನೆನಪಾಯಿತು. ಅದನ್ನು ಅವರಿಗೆ ಹೇಳಲು ನಾಚಿಕೆಯಾಯಿತು.

ಹೋಗುವ ಮುನ್ನ ಅವರು ಒಂದು ಹಾಳೆ ಕೊಟ್ಟರು. ತಂತಿ ನೆಟ್ಟಗಿದೆಯೇ ಎಂದು ಮೀಟರಿನಿಂದ ಮೂರು ಸಲ ಅಳೆಯಬೇಕು: ಬಿಚ್ಚಿದಾಗ, ಹಾಸಿದ ಮೇಲೆ, ಟೈಲ್ಸ್ ಕೂರಿಸಿದ ಮೇಲೆ. ಪ್ರತಿ ಅಳತೆಯನ್ನೂ ಬರೆದಿಡಬೇಕು. ಚಾಪೆಯ ಬಲೆಯನ್ನು ಕತ್ತರಿಸಿ ತಿರುವಬಹುದು, ತಂತಿಗೆ ಮಾತ್ರ ಕತ್ತರಿ ತಾಗಬಾರದು. ಒಂದರ ಮೇಲೊಂದು ತಂತಿ ಬರಬಾರದು. ಕದಲಿಸದೆ ಇಡುವ ಕಪಾಟಿನ ಕೆಳಗೆ ಹಾಸಬಾರದು, ಅಲ್ಲಿ ಬಿಸಿ ಕಟ್ಟಿಕೊಂಡು ಸುಡುತ್ತದೆ. ತಂತಿ ಹಾಸಿದ ಮೇಲೆ ಫೋಟೋ ತೆಗೆದಿಡಬೇಕು, ಮುಂದೆ ಯಾರಾದರೂ ಅರಿಯದೆ ನೆಲಕ್ಕೆ ತೂತು ಕೊರೆಯದ ಹಾಗೆ.

ಎರಡು ಅಳತೆ ಸರಿಯಾಗಿ ಆದವು. ಬಸವರಾಜ ತಮ್ಮ ಸಣ್ಣ ಮೀಟರಿನಿಂದ ಅಳೆದು ನನ್ನಿಂದ ಬರೆಸಿದರು. ಎರಡನೆಯ ಅಳತೆಯ ದಿನ ಫ್ರೌ ಲೆಂಟ್ಸ್ ತಮ್ಮ ದೊಡ್ಡ ಯಂತ್ರ ತಂದು, ತಂತಿಯಿಂದ ಕರೆಂಟು ಎಲ್ಲೂ ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೋದರು. ಆಮೇಲೆ ಬಸವರಾಜ ಟೈಲ್ಸ್ ಕೂರಿಸಿದರು. ನಾಲ್ಕು ವರ್ಷದ ನಂತರ ತಮ್ಮ ಕೈಯಾರೆ ಹಾಕಿದ ಮೊದಲ ನೆಲ. ಮಂಡಿಯೂರಿ, ಒಂದೊಂದನ್ನೂ ಅಂಗೈಯಿಂದ ತಟ್ಟಿ, ಕಣ್ಣನ್ನು ನೆಲಕ್ಕೆ ಸಮನಾಗಿ ತಂದು ನೋಡುತ್ತಿದ್ದರು. ಮುಧೋಳದಲ್ಲಿ ಮದುವೆಗೆ ಮೊದಲು ನೋಡಿದ್ದ ಆ ಮನುಷ್ಯ ಮತ್ತೆ ಸಿಕ್ಕಂತೆ ನನಗಾಯಿತು.

ಮರುದಿನ ಮುಂಜಾನೆ ಸಂದುಗಳಲ್ಲಿ ಉಬ್ಬಿ ಗಟ್ಟಿಯಾದ ಅಂಟನ್ನು ಅವರು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ನಾನು ಚಹಾ ಕೊಡಲು ಹೋದವಳು ನೋಡಿದೆ. ಚಾಕು ಒಂದು ಕಡೆ ಸಿಕ್ಕಿಕೊಂಡಿತು, ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮುಂದಿನ ಸಂದಿಗೆ ಹೋದರು.

ಫ್ರೌ ಲೆಂಟ್ಸ್ ಬರುವುದಕ್ಕೆ ಇನ್ನೂ ಎರಡು ವಾರವಿತ್ತು. ಗೌರಿಯ ಕೆಮ್ಮು ಹೆಚ್ಚಾಗಿತ್ತು. ಅವತ್ತು ಮಧ್ಯಾಹ್ನ ನಾನು ಕೆಲಸದಿಂದ ಬಂದಾಗ ಬಸವರಾಜ ಬಚ್ಚಲಮನೆಯ ಗೋಡೆಯಲ್ಲಿದ್ದ ತಂತಿಯ ತುದಿಗಳನ್ನು ಸುಲಿದು, ಹಳೆಯ ದೀಪದ ವಾಯರು ಜೋಡಿಸಲು ಕುಳಿತಿದ್ದರು.

“ಒಂದ ನಿಮಿಷ ಹಚ್ಚಿ ನೋಡತೇನಿ” ಎಂದರು. “ಬಿಸಿ ಆಕ್ಕೈತೋ ಇಲ್ಲೋ ಗೊತ್ತಾಗ್ತೈತಿ. ಆಮ್ಯಾಲ ಆಕಿ ಬಂದು ತನ್ನ ಕಾಗದಾ ಬರಕೊಳ್ಳಲಿ.”

“ಚಾಕು ತಾಗಿದ್ದು ನಾ ನೋಡೇನ್ರಿ.”

“ಮೀಟರ್ ಮೊದಲೂ ಅಷ್ಟ ತೋರಿಸ್ತು, ಈಗೂ ಅಷ್ಟ ತೋರಸಾಕತ್ತೈತಿ. ಇನ್ನೇನ್ ಬೇಕು ನಿನಗ? ಕೂಸು ನಡಗಾಕತ್ತೈತಿ.”

ಮೀಟರ್ ನಾನೂ ನೋಡಿದೆ, ಅಂಕಿ ಅದೇ ಇತ್ತು. ಹೆದರುವುದಕ್ಕೆ ನನ್ನಲ್ಲಿ ಕಾರಣವೇ ಉಳಿಯಲಿಲ್ಲ, ಹೆದರಿಕೆ ಮಾತ್ರ ಉಳಿಯಿತು. ಅದು ಒಂಬತ್ತು ವರ್ಷದ ಹುಡುಗಿಯ ಹೆದರಿಕೆಯೋ, ತಾಯಿಯದೋ ತಿಳಿಯಲಿಲ್ಲ. ಒಂದು ತಾಸು ತಡೀರಿ ಎಂದು ಕೈಮುಗಿದಂತೆ ಕೇಳಿಕೊಂಡೆ. ಮೇಲಿನ ಕೋಣೆಗೆ ಹೋಗಿ ಚಿಗವ್ವನಿಗೆ ಫೋನ್ ಮಾಡಿದೆ. ಇಷ್ಟು ವರ್ಷದಲ್ಲಿ ಆ ದಿನದ ಬಗ್ಗೆ ನಾವಿಬ್ಬರೂ ಮಾತಾಡಿದವರಲ್ಲ. ಅವತ್ತು ಕೇಳಿದೆ.

ಚಿಗವ್ವ ಫೋನ್ ಹಿಡಿದುಕೊಂಡು ಮಗ್ಗದ ಸದ್ದಿನಿಂದ ಹೊರಗೆ ಬಂದಳು.

“ಮುಂಜಾನಿಂದ ಆ ಯಂತ್ರ ಮುಟ್ಟಿದ್ರ ಜುಮ್ ಅನ್ನತಿತ್ತವಾ” ಎಂದಳು. “ನಿಮ್ಮ ಕಾಕಾಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈಗ್ಯಾಕ ಕೆಲಸಾ ನಿಲ್ಲಸೂದು, ಸಂಜಿಕೆ ವಾಯರಮನ್‌ನ ಕರದ್ರಾತು ಅಂದಾಕಿ ನಾನ. ಮಂದಿ ಮುಂದ ಹಣೇಬರ ಅಂತ ಹೇಳಕೋತ ಬಂದೇನಿ. ಹಣೇಬರ ಅಲ್ಲದು.” ಆಮೇಲೆ ಕೇಳಿದಳು: “ನಿನಗ ಏನರ ಜುಮ್ ಅಂತೈತೇನ?”

ಹೌದು ಎಂದೆ.

“ಹಂಗಾರ ಹೇಳು. ಗಂಡ ಸಿಟ್ಟಾದ್ರ ಆಗಲಿ.”

ನಾನು ಕೆಳಗಿಳಿದು ಬಂದು, ಫ್ರೌ ಲೆಂಟ್ಸ್‌ಗೆ ಚಾಕುವಿನ ವಿಷಯ ಬರೆಯುತ್ತೇನೆ ಎಂದು ಗಂಡನಿಗೆ ಎದುರಿಗೇ ಹೇಳಿ, ಅವರ ಮುಂದೆಯೇ ಬರೆದು ಕಳಿಸಿದೆ. ಬಸವರಾಜ ವಾಯರು ಬಿಚ್ಚಿ, ಸುಲಿದ ತುದಿಗಳಿಗೆ ಟೇಪು ಸುತ್ತಿ ಎದ್ದು ಹೋದರು. ಎರಡು ದಿನ ನನ್ನ ಜತೆ ಮಾತಿಲ್ಲ. ಹೊರಗಿನವರ ಮುಂದೆ ನೀನು ನನ್ನ ಕೈಕೆಲಸದ ಮಾನ ತೆಗೆದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಊರಾಗಿದ್ದರೆ ಅತ್ತೆಯೋ ಪಕ್ಕದ ಮನೆಯವರೋ ನಡುವೆ ಬಂದು ಇಬ್ಬರನ್ನೂ ಒಂದು ಮಾತು ಬೈದು ಮುಗಿಸುತ್ತಿದ್ದರು. ಇಲ್ಲಿ ನಮ್ಮ ಮೌನಕ್ಕೆ ಸಾಕ್ಷಿಯಾಗಿ ಕೆಮ್ಮುವ ಒಂದು ಮಗು ಮಾತ್ರವಿತ್ತು. ಬಕೆಟ್ಟಿನಲ್ಲಿ ಬಿಸಿನೀರು ತಂದು ಅಡುಗೆಮನೆಯಲ್ಲೇ ಅವಳ ಮೈ ಒರೆಸುತ್ತಿದ್ದೆ.

ಸಂದೇಶ ನೋಡಿದ ಫ್ರೌ ಲೆಂಟ್ಸ್ ಎರಡು ವಾರ ಕಾಯಲಿಲ್ಲ, ಮೂರನೆಯ ದಿನವೇ ಬಂದರು. ಸಣ್ಣ ಮೀಟರಿನ ಅಳತೆ ಸರಿಯಾಗಿತ್ತು. ಆಮೇಲೆ ತಮ್ಮ ಯಂತ್ರ ಹಚ್ಚಿದರು. ಅದರ ಮುಳ್ಳು ಎಲ್ಲಿರಬೇಕೋ ಅಲ್ಲಿಗೆ ಏರಲೇ ಇಲ್ಲ. ಒಳಗಿನ ತಂತಿ ತುಂಡಾಗಿಲ್ಲ, ಅದಕ್ಕೇ ಸಣ್ಣ ಮೀಟರಿಗೆ ಗೊತ್ತಾಗುವುದಿಲ್ಲ. ಆದರೆ ಮೇಲಿನ ಹೊದಿಕೆ ಎಲ್ಲೋ ಕೊಯ್ದಿದೆ, ಕರೆಂಟು ಸೋರುತ್ತದೆ ಎಂದು ವಿವರಿಸಿದರು. ಇದನ್ನು ನಾನು ಜೋಡಿಸುವುದಿಲ್ಲ ಎಂದರು. ಇಡೀ ನೆಲ ಕೀಳಬೇಕಾದೀತೇ ಎಂದು ಕೇಳಿದೆ. ಸೋರುವ ಜಾಗ ಹುಡುಕಲು ಅವರು ಇನ್ನೊಂದು ಯಂತ್ರ ತೆಗೆಯುತ್ತಿದ್ದಂತೆ ಬಸವರಾಜ ಮಂಡಿಯೂರಿ, ಕಿಟಕಿಯ ಕೆಳಗಿನ ಒಂದು ಸಂದಿಯ ಮೇಲೆ ಬೆರಳಿಟ್ಟರು.

“ಇಲ್ಲೇ ಇರಬೇಕು” ಎಂದರು. ಕನ್ನಡದಲ್ಲೇ. ನನಗೆ ಹೇಳಿದ್ದು ಅದು.

ಅಲ್ಲೇ ಇತ್ತು. ತಾವೇ ಕೂರಿಸಿದ ಎರಡು ಟೈಲ್ಸುಗಳನ್ನು ತಾವೇ ಒಡೆದರು. ಉಗುರಿನಷ್ಟು ಕೊಯ್ತ. ಫ್ರೌ ಲೆಂಟ್ಸ್ ಆ ಭಾಗ ತೆಗೆದು, ಅದಕ್ಕೆಂದೇ ಸಿಗುವ ಜೋಡಣೆ ಹಾಕಿ, ಮತ್ತೆ ಅಳೆದರು. ಈ ಸಲ ಮುಳ್ಳು ಏರಿತು. ಟೈಲ್ಸ್ ಮತ್ತೆ ಕೂರಿಸಿದ ಮೇಲೆ ಇನ್ನೊಮ್ಮೆ ಬಂದು ಅಳೆದು, ಆಮೇಲೆ ಜೋಡಿಸಿದರು. ಆದರೂ ಹಚ್ಚುವ ಹಾಗಿರಲಿಲ್ಲ. ಅಂಟು ಪೂರ್ತಿ ಒಣಗುವ ಮುಂಚೆ ಬಿಸಿ ಕೊಟ್ಟರೆ ನೆಲ ಬಿರಿಯುತ್ತದೆ, ಚೀಲದ ಮೇಲೆ ಬರೆದಷ್ಟು ದಿನ ಕಾಯಿರಿ, ಮೊದಲ ದಿನ ತೀರ ಕಡಿಮೆ ಬಿಸಿ ಇಡಿ ಎಂದರು. ಹೊರಡುವಾಗ ಬಸವರಾಜರಿಗೆ, ಸಂದಿಯ ಅಂಟನ್ನು ಹಸಿಯಿದ್ದಾಗಲೇ ಮರದ ಕಡ್ಡಿಯಿಂದ ತೆಗೆಯಬೇಕು ಎಂದು ಒಬ್ಬ ಕೆಲಸಗಾರ ಇನ್ನೊಬ್ಬನಿಗೆ ಹೇಳುವ ಹಾಗೆ ಹೇಳಿದರು. ನೆಲ ಬಹಳ ಸಮನಾಗಿದೆ ಎಂದೂ ಹೇಳಿದರು. ಸಂಜೆ ಬಸವರಾಜ ನನ್ನ ಜತೆ ಊಟಕ್ಕೆ ಕುಳಿತು, ಇನ್ನೊಂದು ರೊಟ್ಟಿ ಹಾಕು ಎಂದರು.

ಡಿಸೆಂಬರಿನ ಒಂದು ಶನಿವಾರ ಮುಂಜಾನೆ ಹಚ್ಚಿದೆವು. ಮೊದಲು ಬಸವರಾಜ ನಿಂತರು, ಆಮೇಲೆ ಗೌರಿ ಚಪ್ಪಲಿ ಎಸೆದು ಓಡಿ ಬಂದು ನೆಲದ ಮೇಲೆ ಅಂಗಾತ ಮಲಗಿದಳು. ನಾನು ಹೊಸ್ತಿಲಲ್ಲೇ ಉಳಿದೆ. ಎಲ್ಲ ಅಳತೆ ನನ್ನ ಕೈಯಲ್ಲೇ ಬರೆದಿದ್ದೆ, ಆದರೂ ಪಾದ ಏಳಲಿಲ್ಲ. ಮಾರನೆಯ ದಿನ ಯಾರೂ ಇಲ್ಲದಾಗ ಒಂದು ಕಾಲಿಟ್ಟೆ, ಆಮೇಲೆ ಇನ್ನೊಂದು. ಈಗಲೂ ಒದ್ದೆ ಕಾಲಲ್ಲಿ ಅಲ್ಲಿ ನಿಂತಾಗ ಮೈಯ ಯಾವುದೋ ಮೂಲೆ ಬಿಗಿದುಕೊಂಡೇ ಇರುತ್ತದೆ.

ಚಿಗವ್ವನಿಗೆ ಎಲ್ಲ ಸುಸೂತ್ರವಾಯಿತು ಎಂದು ಫೋನ್ ಮಾಡಿ ಹೇಳಿದೆ. ಕೊಯ್ತ ಸಿಕ್ಕಿದ್ದು ಕೇಳಿ ಆಕೆ ನಿಟ್ಟುಸಿರು ಬಿಟ್ಟಳು.

“ನೆಲಾನ ಹಾಕಿದ್ರಿ ಅಂದ್ರ ಅಲ್ಲೇ ಬೇರೂರಿದ್ರಿ ಅನ್ನು” ಎಂದಳು.

ಮೇ ತಿಂಗಳಲ್ಲಿ ಬರುತ್ತೇವೆ ಎಂದೆ. ಬಿಸಿಲು ಭಾಳ ಇರತೈತಿ, ಕೂಸಿಗೆ ತಡಿಯೂದಿಲ್ಲ, ಆದರೂ ಬರ್ರಿ ಎಂದಳು. ಆಮೇಲೆ ತೀರ ಸಹಜವಾಗಿ ಕೇಳಿದಳು: “ಎಷ್ಟ ದಿನ ಇರ್ತೀರಿ?”

ಇಷ್ಟು ವರ್ಷ ಆಕೆ ಯಾವಾಗ ಬರ್ತಿ ಎಂದು ಕೇಳಿದ್ದಳೇ ಹೊರತು ಎಷ್ಟು ದಿನ ಇರ್ತಿ ಎಂದು ಒಮ್ಮೆಯೂ ಕೇಳಿದವಳಲ್ಲ. ನಮ್ಮ ಕಡೆ ಅದನ್ನು ಮನೆಗೆ ಬಂದ ಬೀಗರಿಗೆ ಕೇಳುತ್ತಾರೆ. ನಾನು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದೆ. ರಜೆಯ ದಿನಗಳನ್ನು ಎಣಿಸಿ, ಮೂರು ವಾರ ಎಂದೆ.