ಐಸಣ್ಣನ ಐದನೇ ಕುಂಡ

ಐಸಣ್ಣನ ನಿಜವಾದ ಹೆಸ್ರು ಬೀದೀಲಿ ಯಾರಿಗೂ ಬೇಕಾಗಿಲ್ಲ. ಇಪ್ಪತ್ತೆರಡು ವರ್ಷ ಬಿಯರ್ ಕಾರ್ಖಾನೇಲಿ ಕೋಲ್ಡ್ ರೂಮಿನ ಮೆಕ್ಯಾನಿಕ್ಕು, ಈಗ ಮನೆಮನೆಗೆ ಹೋಗಿ ಫ್ರಿಜ್ ರಿಪೇರಿ. ಯಾವ ಫ್ರಿಜ್ ಮುಂದೆ ಕೂತ್ರೂ ಮೊದಲ ಮಾತು ಒಂದೇ, "ಕೂಲಿಂಗ್ ಸಾಲ್ತಿಲ್ಲ." ಇಲಿ ವೈರು ಕಡ್ದಿದ್ರೂ ಅದೇ ಮಾತು.

ಆ ಕೋಲ್ಡ್ ರೂಮಲ್ಲಿ ಇಡ್ತಿದ್ದಿದ್ದು ಹಾಪ್ಸು. ಬಿಯರಿಗೆ ಕಹಿ, ಘಮ ಎರಡೂ ಕೊಡೋ ಬಳ್ಳಿ ಹೂವು ಅದು. ಚಳಿ ದೇಶದಿಂದ ಒಣಗಿಸಿ, ಒತ್ತಿ, ಮೂಟೆ ಕಟ್ಕೊಂಡು ಬರ್ತಿತ್ತು. ಅಷ್ಟು ವರ್ಷ ಅದನ್ನ ತಣ್ಣಗಿಟ್ಟು ಕಾಯ್ದ ಮನುಷ್ಯ ಒಂದೇ ಒಂದು ಹಸಿ ಹೂವು ಕಣ್ಣಲ್ಲಿ ಕಂಡವರಲ್ಲ! ಬಿಯರ್ ಕುಡಿಯೋ ಅಭ್ಯಾಸಾನೂ ಇಲ್ಲ, ಕುಡಿದ್ರೆ ತಲೆನೋವು. ಬಳ್ಳಿ ಮೇಲಿರೋ ಹೂವು ಹೇಗಿರುತ್ತೆ ನೋಡ್ಬೇಕು, ಅಷ್ಟೇ ಆಸೆ. ಕೆಲಸ ಬಿಡೋ ದಿನ ಲ್ಯಾಬಿನವರೊಬ್ರು ಐದು ತುಂಡು ಬೇರು ಕೊಟ್ರು. "ನಮ್ಮ ಸೆಖೆಗೆ ಬರೋದು ಕಷ್ಟ ರೀ" ಅಂತಾನೂ ಹೇಳಿದ್ರು. ಐಸಣ್ಣ ಬೇರು ತಗೊಂಡ್ರು, ಮಾತು ಅಲ್ಲೇ ಬಿಟ್ರು.

ಟೆರೇಸಲ್ಲಿ ಐದು ಕುಂಡ. ಮೊದಲ ವರ್ಷ ಬಳ್ಳಿಗಳು ಮೊಣಕಾಲುದ್ದ ಬೆಳೆದು ಅಲ್ಲೇ ಕೂತ್ಬಿಟ್ವು.

"ಕೂಲಿಂಗ್ ಸಾಲ್ದು," ಅಂದ್ರು ಐಸಣ್ಣ.

ಬೇರು ಕಿತ್ತು, ಒದ್ದೆ ಮರದಪುಡೀಲಿ ಸುತ್ತಿ, ಎರಡು ತಿಂಗ್ಳು ಮನೆ ಫ್ರಿಜ್ಜಿನ ತರಕಾರಿ ಟ್ರೇನಲ್ಲಿ ಇಟ್ರು. ಚಳಿಗಾಲ ಬಂತು ಅನ್ಕೊಳ್ಳಲಿ ಅಂತ. ಹೆಂಡತಿಯ ಟೊಮೇಟೊ, ಸೌತೆಕಾಯಿ ಎಲ್ಲ ಹೊರಗೆ. ನೆಟ್ಟ ಮೇಲೆ ಮಧ್ಯಾಹ್ನ ಮಧ್ಯಾಹ್ನ ಕುಂಡಕ್ಕೆ ಐಸು ಬೇರೆ. ಎರಡನೇ ವರ್ಷಾನೂ ಮೊಣಕಾಲೇ.

ಹೆಂಡತಿ ಟೈಲರ್. ಹಿಂದಿನ ರೂಮಲ್ಲಿ, ಟೆರೇಸಿನ ಕಡೆ ಕಿಟಕಿ ಪಕ್ಕ ಅವರ ಮಿಷಿನ್ನು. ಇನ್ನೊಂದು ಮಿಷಿನ್ ಇಡೋಕೆ ಜಾಗ ಇಲ್ಲದೆ ಒದ್ದಾಡ್ತಿದ್ರು.

"ರೀ, ಮುಂದಿನ ವರ್ಷ ಒಂದೇ. ಆಗ್ಲೂ ಹೂ ಬರ್ಲಿಲ್ವಾ, ಟೆರೇಸು ನಂದು. ಅಲ್ಲೊಂದು ರೂಮ್ ಕಟ್ಟಿಸ್ತೀನಿ."

"ಆಯ್ತು. ಆದ್ರೆ ಬಂದ್ರೆ ಮಾತಾಡ್ಬಾರ್ದು."

"ನಾನ್ಯಾಕ್ ಮಾತಾಡ್ಲಿ, ನನ್ನ ಟೊಮೇಟೊಗಳು ಮಾತಾಡ್ತಾವೆ."

ಮೂರನೇ ವರ್ಷ ಐಸಣ್ಣ ಬೇರನ್ನ ಮೂರು ತಿಂಗ್ಳು ಫ್ರಿಜ್ಜಲ್ಲಿಟ್ರು. ನಾಲ್ಕು ಕುಂಡ ಮತ್ತೆ ಮೊಣಕಾಲಿಗೇ ನಿಂತ್ವು. ಐದನೇದನ್ನ ಮಾತ್ರ ಬಟ್ಟೆ ಒಣಗಿಸೋಕೆ ಅಡ್ಡ ಅಂತ ಹೆಂಡತಿ ಕಾಲಲ್ಲೇ ತಳ್ಳಿ ಕಿಟಕಿ ಕೆಳಗೆ ಬಿಟ್ಟಿದ್ರು. ಅದು ಗ್ರಿಲ್ ಹಿಡೀತು, ಕಿಟಕಿ ದಾಟ್ತು, ಛಾವಣಿ ಮುಟ್ತು!

"ನೋಡ್ದಾ, ಅಲ್ಲಿ ತಂಪು ಜಾಸ್ತಿ," ಅಂತ ಐಸಣ್ಣ ಥರ್ಮಾಮೀಟರ್ ಚುಚ್ಚಿದ್ರು. ಉಳಿದ ಕುಂಡಗಳಿಗಿಂತ ಎರಡು ಡಿಗ್ರಿ ಬಿಸಿ. ಆ ಗೋಡೆಗೆ ದಿನವೆಲ್ಲ ಬಿಸಿಲು. ಐಸಣ್ಣ ಥರ್ಮಾಮೀಟರನ್ನ ಒದರಿ ಒದರಿ ಮೂರು ಸಲ ನೋಡಿದ್ರು.

ಹೆಂಡತಿ ಸೂಜಿಗೆ ದಾರ ಪೋಣಿಸ್ತಾನೇ ಹೇಳಿದ್ರು, "ಯೂನಿಫಾರ್ಮ್ ಆರ್ಡರ್ ಬಂದಾಗಿಂದ ಈ ದೊಡ್ಡ ಲೈಟು ಹತ್ತು ಗಂಟೆವರೆಗೂ ಉರೀತಿದೆ ಅಲ್ವಾ? ಪಾಪ, ಅದಕ್ಕೆ ಇನ್ನೂ ಹಗಲು. ಬೆಳೀತಾ ಇದೆ."

ಮಾರನೇ ದಿನ ಮಧ್ಯಾಹ್ನ ಐಸಣ್ಣ ಫ್ರಿಜ್ಜಿನ ಐಸ್ ಟ್ರೇ ಮುಟ್ಲಿಲ್ಲ, ಅಷ್ಟೇ.

ಬಳ್ಳಿ ಬೆಳೀತು, ಸರಿ. ಹೂವೆಲ್ಲಿ? ಅಷ್ಟ್ರಲ್ಲಿ ಯೂನಿಫಾರ್ಮೆಲ್ಲ ಮುಗೀತು. ಹೆಂಡತಿ ಏಳಕ್ಕೇ ಲೈಟ್ ಆರಿಸೋಕೆ ಶುರು ಮಾಡಿದ್ರು.

"ಆರಿಸ್ಬೇಡ! ಒಂದು ತಿಂಗ್ಳು ಉರೀಲಿ. ಬೇಕಾದ್ರೆ ಸುಮ್ನೆ ಖಾಲಿ ಮಿಷಿನ್ ತುಳಿ."

"ನಿಮ್ಮ ಬಳ್ಳಿಗೋಸ್ಕರ ನಾನು ಗಾಳಿ ಹೊಲೀಲಾ? ಮೂರು ತಿಂಗಳಾಯ್ತು ನೆಟ್ಟಗೆ ಮಲಗಿ. ಆಗಲ್ಲ ರೀ."

ಕರೆಂಟ್ ಬಿಲ್ ಮೇಲೆ ಹೆಂಡತಿ ಕಣ್ಣಿತ್ತು, ಸ್ವಿಚ್ ಮೇಲೆ ಕೈಯಿತ್ತು. ಐಸಣ್ಣ ಸೋತೆ ಅನ್ಕೊಂಡ್ರು. ಕುಂಡಗಳ ಕಡೆ ಹೋಗೋದೇ ಬಿಟ್ರು. ರೂಮಿಗೆ ಇಟ್ಟಿಗೆ ಬಂದು ಟೆರೇಸಲ್ಲಿ ಇಳೀತು.

ಮೂರು ವಾರ ಆದ್ಮೇಲೆ ಹೆಂಡತಿ ಕೂಗಿದ್ರು, "ಏನ್ರೀ, ನಿಮ್ಮ ಬಳ್ಳಿಗೆ ಬ್ರಷ್ ಥರ ಏನೋ ಹತ್ತಿದೆ, ಹುಳಾನಾ?"

ಹುಳ ಅಲ್ಲ, ಮೊಗ್ಗು. ಉದ್ದ ಹಗಲಲ್ಲಿ ಬೆಳೆದ ಬಳ್ಳಿಗೆ ಹಗಲು ಚಿಕ್ಕದಾದ್ಮೇಲೇ ಹೂ ಬಿಡೋಕೆ ಮನಸ್ಸು. ಅಂದ್ರೆ ಲೈಟ್ ಹಾಕಿದ್ದೂ ಸರಿ, ಆರಿಸಿದ್ದೂ ಸರಿ. ತಪ್ಪಿದ್ದು ಐಸಣ್ಣ ಒಬ್ರೇ, ಅದೂ ಎರಡು ಸಲ.

ಇನ್ನೆರಡು ವಾರಕ್ಕೆ ಹೂ ಬಲೀತು. ಹೆಬ್ಬೆರಳ ತುದಿಯಷ್ಟು ದಪ್ಪ, ತಿಳಿ ಹಸಿರು, ಎಸಳ ಮೇಲೆ ಎಸಳು. ಎಣಿಸಿದ್ರೆ ಹದಿನಾಲ್ಕು. ಐಸಣ್ಣ ಒಂದನ್ನ ಕಿತ್ತು ಬಿಡಿಸಿದ್ರು, ಒಳಗೆ ಹಳದಿ ಪುಡಿ. ಅಂಗೈಲಿ ಉಜ್ಜಿ ಮೂಸಿದ್ರು. ನಿಂಬೆ ಸಿಪ್ಪೆ, ಕೊಯ್ದ ಹುಲ್ಲು. ಮೂಟೇಲಿ ಈ ವಾಸನೆ ಇರ್ಲಿಲ್ಲ.

ಹೆಂಡತೀನೂ ಮೂಸಿದ್ರು. "ಇದಕ್ಕಾ ಎರಡು ವರ್ಷ ನನ್ನ ಟೊಮೇಟೊ ಕೊಳೆತಿದ್ದು?"

"ಹೂಂ."

"ಸರಿ ಬಿಡಿ, ಗೆದ್ರಿ. ಇಟ್ಟಿಗೆ ವಾಪಸ್ ಕಳ್ಸಿ."

ಐಸಣ್ಣ ಅಂಗೈ ಒರೆಸ್ಕೊಳ್ಳದೇ ಟೇಪು ಹಿಡ್ಕೊಂಡು ಟೆರೇಸ್ ಅಳೆಯೋಕೆ ಹೋದ್ರು. ರೂಮ್ ಎದ್ದಿದೆ ಈಗ. ಎರಡು ಮಿಷಿನ್ನು, ಐದು ಕಿಟಕಿ, ಒಂದೊಂದು ಕಿಟಕಿ ಕೆಳಗೆ ಒಂದೊಂದು ಕುಂಡ. ಅಷ್ಟು ಚಿಕ್ಕ ರೂಮಿಗೆ ಐದು ಕಿಟಕಿ ಯಾಕೆ ಅಂತ ಮೇಸ್ತ್ರಿ ಮಾತ್ರ ಇವತ್ತಿಗೂ ಕೇಳ್ತಾರೆ.