ಒಂದೊಂದೇ ಲೋಟ ತರುವ ಕಂಪ್ಯೂಟರ್

"ಏನಮ್ಮಾ, ಸಾಪಾಡು ಟೈಮಲ್ಲೇ ಫೋನ್ ಮಾಡ್ತೀಯಲ್ಲ? ಎಲೆ ಹಾಕಿ ಜನರನ್ನ ಕೂರಿಸಿದೀನಿ, ಕೈಲಿ ಸಾಂಬಾರ್ ಸೌಟಿದೆ. ಇಡು ಫೋನು!"

ಹೀಗೆ ಬೈದವರು ಚೆನ್ನೈನ ತ್ರಿಪ್ಲಿಕೇನ್‌ನಲ್ಲಿ ಮೆಸ್ ನಡೆಸುವ ಶಾರದಮ್ಮ. ಬೈಸಿಕೊಂಡವಳು ನಾನು. ನುಂಗಂಬಾಕ್ಕಂನ ಕಣ್ಣಾಸ್ಪತ್ರೆಯೊಂದರಲ್ಲಿ, ಮರುದಿನ ತಪಾಸಣೆಗೆ ಬರಬೇಕಾದವರಿಗೆ ನೆನಪಿಸುವುದು ನನ್ನ ಕೆಲಸ. ಶಾರದಮ್ಮನಿಗೆ ಸಕ್ಕರೆ ಕಾಯಿಲೆ. ಅವರ ಡಾಕ್ಟರು ಬರುವುದು ಗುರುವಾರ ಮಾತ್ರ. ಇವರು ಆಗಲೇ ಒಂದೆರಡು ಗುರುವಾರ ಬಾರದೆ ತಪ್ಪಿಸಿಕೊಂಡಾಗಿತ್ತು. "ಇನ್ನೂ ತಡ ಮಾಡಿದರೆ ಎಡಗಣ್ಣು ಉಳಿಯೋದು ಕಷ್ಟ" ಅಂದಿದ್ದರು ಡಾಕ್ಟರು.

ಬೆಳಿಗ್ಗೆಯೇ ಫೋನ್ ಮಾಡಬಾರದಿತ್ತೇ ಅಂತೀರಾ? ಪಟ್ಟಿ ಬರಬೇಕಲ್ಲ! ಡೇಟಾಬೇಸಿನಿಂದ ರೋಗಿಗಳ ದಾಖಲೆಯೆಲ್ಲ ಎಕ್ಸೆಲ್‌ಗೆ ಇಳಿಯಬೇಕು, ಅದರಲ್ಲಿ ನಾಳೆಯವರನ್ನು ಆರಿಸಬೇಕು. ನಾನು ಬಂದ ಕೂಡಲೇ ಬಟನ್ ಒತ್ತಿದರೂ ಮುಗಿಯುವುದು ಊಟದ ಹೊತ್ತಿಗೆ. (ಅಷ್ಟರಲ್ಲಿ ನಮ್ಮ ಸೆಕ್ಷನ್ನಿನಲ್ಲಿ ಕಾಫಿ, ವಡೆ ಮತ್ತು ಎಲ್ಲರ ಅತ್ತೆಯರ ಕಥೆ ಮುಗಿದಿರುತ್ತದೆ.)

ಶಾರದಮ್ಮನೊಬ್ಬರ ನಂಬರ್ ಬರೆದಿಟ್ಟುಕೊಳ್ಳಬಹುದಿತ್ತು, ನಿಜ. ಆದರೆ ಪಟ್ಟಿಯ ತುಂಬ ಇಂಥ ಶಾರದಮ್ಮಂದಿರೇ. ಬರುವ ಬುಧವಾರದೊಳಗೆ ಇದನ್ನು ಸರಿ ಮಾಡಿಸಿಯೇ ತೀರಬೇಕು ಅಂದುಕೊಂಡೆ.

ಮರುದಿನ ಶಾರದಮ್ಮ ಬರಲಿಲ್ಲ. ನಾನೂ ಕಾಫಿಗೆ ಏಳಲಿಲ್ಲ. ಪರದೆಯನ್ನೇ ನೋಡುತ್ತ ಕೂತೆ. ಒಂದು ಹೆಸರು ಬಂತು. ಆಮೇಲೆ ಅವರ ವಯಸ್ಸು. ಆಮೇಲೆ ವಿಳಾಸ. ಒಂದೊಂದೇ ಚೌಕ ತುಂಬುತ್ತಿತ್ತು. ಥೇಟ್ ನಮ್ಮ ಯಜಮಾನರು ನೆಂಟರಿಗೆ ಕಾಫಿ ತಂದ ಹಾಗೆ! ಒಂದು ಲೋಟ ತರುವುದು, ಮತ್ತೆ ಅಡುಗೆಮನೆಗೆ ಹೋಗುವುದು, ಇನ್ನೊಂದು ಲೋಟ ತರುವುದು. ಕೊನೆಯವರಿಗೆ ಸಿಗುವ ಹೊತ್ತಿಗೆ ಕಾಫಿ ತಣ್ಣಗೆ, ಯಜಮಾನರು ಬಿಸಿ.

ಸಾಫ್ಟ್‌ವೇರ್ ಬರೆದುಕೊಟ್ಟ ಸೆಂದಿಲ್ ಅವರಿಗೆ ಫೋನ್ ಹಚ್ಚಿದೆ.

"ಡೇಟಾ ಜಾಸ್ತಿ ಮೇಡಂ, ಏನ್ ಮಾಡೋದು?"

"ಜಾಸ್ತಿ ಇರಲಿ ಸಾರ್. ತಟ್ಟೆಯಲ್ಲಿಟ್ಟು ಎಲ್ಲಾ ಒಟ್ಟಿಗೆ ತರೋಕಾಗಲ್ವಾ?"

ಆ ಕಡೆ ನಗು. "ಮೊದಲು ಹಾಗೇ ಇತ್ತು ಮೇಡಂ. ನಿಮ್ಮ ಮ್ಯಾನೇಜರ್ ಸಾರೇ ಬೇಡ ಅಂದ್ರು. ಪರದೆ ಸುಮ್ನೆ ನಿಂತಿದ್ರೆ ಕಂಪ್ಯೂಟರ್ ಕೆಲಸ ಮಾಡ್ತಿಲ್ಲ ಅನ್ಸತ್ತಂತೆ. ಒಂದೊಂದಾಗಿ ತುಂಬೋದು ಕಣ್ಣಿಗೆ ಕಾಣ್ಬೇಕಂತೆ."

ಕೇಳಿದಿರಾ? ನಗಬೇಡಿ, ನಾವೂ ಹಾಗೇ. ಫೈಲು ಹಿಡಿದು ಓಡಾಡುವವರನ್ನು ಕಂಡು 'ಪಾಪ, ಎಷ್ಟು ಕೆಲಸ' ಅನ್ನುತ್ತೇವೆ. ಬೇಗ ಮುಗಿಸಿ ಕೂತವಳಿಗೆ ಏನನ್ನುತ್ತೇವೆ?

ಮ್ಯಾನೇಜರ್ ಹತ್ತಿರ ಹೋದೆ. "ನೋಡೋಣ" ಅಂದರು. ಸಂಜೆ ಮತ್ತೆ ಹೋದೆ. "ನೋಡೋಣ ಅಂದ್ನಲ್ಲಮ್ಮಾ." ಕುರ್ಚಿ ಎಳೆದುಕೊಂಡು ಕೂತೆ. "ನೋಡಿ ಸಾರ್, ಕಾಯ್ತೀನಿ. ನಮ್ಮನೆ ಇರೋ ತಾಂಬರಂಗೆ ರಾತ್ರಿವರೆಗೂ ಟ್ರೇನಿದೆ." ಅವರಿಗೆ ಮನೆಗೆ ಹೋಗುವ ಅವಸರ. ಒಪ್ಪಿದರು.

ಸೆಂದಿಲ್ ಮಾಡಿದ್ದಿಷ್ಟೇ. ಬೇಕಾದ ಕಾಲಂಗಳನ್ನು ಮಾತ್ರ ಆರಿಸಿ, ಎಲ್ಲವನ್ನೂ ಒಂದು ಕಟ್ಟು ಮಾಡಿ ಒಂದೇ ಸಲಕ್ಕೆ ಶೀಟಿನಲ್ಲಿಟ್ಟರು.

ಬುಧವಾರ ಬೆಳಿಗ್ಗೆ ಬಟನ್ ಒತ್ತಿದೆ. ಪರದೆ ಅಲ್ಲಾಡಲಿಲ್ಲ. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುವಷ್ಟರಲ್ಲಿ ಪಟ್ಟಿ ಎದುರಿಗಿತ್ತು.

"ಇಷ್ಟು ಬೇಗ ಬಂತಾ? ಏನೋ ಬಿಟ್ಟುಹೋಗಿರತ್ತೆ, ನೋಡಿ" ಅಂದರು ಮ್ಯಾನೇಜರ್. ತಾಳೆ ನೋಡಿದೆ. ಏನೂ ಬಿಟ್ಟುಹೋಗಿರಲಿಲ್ಲ. ಹಾಲಿನವನು ಹೋಗಿ ತರಕಾರಿಯವನು ಬರುವ ಹೊತ್ತು, ಮೆಸ್ಸಿನಲ್ಲಿ ಇನ್ನೂ ಒಲೆ ಹೊತ್ತಿರುವುದಿಲ್ಲ. ಶಾರದಮ್ಮನಿಗೆ ಫೋನ್ ಮಾಡಿದೆ.

"ಈಗ ಹೇಳಿದ್ಯಲ್ಲ, ಸರಿ. ನಾಳೆಗೆ ಸೌಟು ತಂಗಿ ಕೈಗೆ ಕೊಟ್ಟು ಬರ್ತೀನಿ" ಅಂದರು. (ಬಂದರು ಕೂಡ. ಕಣ್ಣು ಉಳಿಯುತ್ತದೆ ಅಂದರು ಡಾಕ್ಟರು.)

ಫೋನಿಡುವ ಮುಂಚೆ ಮಾತ್ರ ದನಿ ತಗ್ಗಿಸಿ, ಬಹಳ ಮರುಕದಿಂದ ಕೇಳಿದರು: "ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆನೇ ಫೋನು... ಆಸ್ಪತ್ರೇಲಿ ನಿಂಗೀಗ ಕೆಲಸ ಏನೂ ಇಲ್ವಾ?"