ವಾಡೆಯ ಹಿತ್ತಲಿನ ವೈನಿ

ಮೊನ್ನೆ ಹುಬ್ಬಳ್ಳಿಯ ಹೂವಿನ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ಸೇವಂತಿಗೆಯ ನಡುನಡುವೆ ದವನದ ಕುಡಿ ಇಟ್ಟು ಮಾಲೆ ಕಟ್ಟುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಮುಂದೆ ಹೋಗಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಹಳಿಯಾಳದ ವಾಡೆಯ ಹಿತ್ತಲಲ್ಲಿ ದವನದ ಪಾತಿಗೆ ನೀರು ಚಿಮುಕಿಸುತ್ತಿದ್ದ ವೈನಿ ಕಣ್ಣ ಮುಂದೆ ಬಂದರು…

ಕರೆಯುವುದು ವೈನಿ, ಅಂದರೆ ಅತ್ತಿಗೆ ಎಂದು, ಆದರೆ ನನಗೇನೂ ಅವರು ಸಂಬಂಧಿಕರಲ್ಲ. ಓಣಿಯೆಲ್ಲ ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ತೇಗದ ಗುತ್ತಿಗೆ ಹಿಡಿದು ದೊಡ್ಡವರಾದ ಮನೆತನವೊಂದು ಬ್ರಿಟಿಷರ ಕಾಲದಲ್ಲಿ ಕಟ್ಟಿಸಿದ ವಾಡೆ ಅದು. ವೈನಿ ಆ ಮನೆಯ ಕಿರಿಯ ಸೊಸೆ. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ, ಬೆಳಗಾವಿಯಲ್ಲಿದ್ದ ಭಾವ ವಾಡೆಯನ್ನು ಒಂದು ಟ್ರಸ್ಟಿಗೆ ಕೊಟ್ಟು ಮ್ಯೂಸಿಯಂ ಮಾಡಿಸಿದರು. ಹಿಂದಿನ ಎರಡು ಕೋಣೆ ಮಾತ್ರ ವೈನಿಗೆ. ಅಲ್ಲಿ ಇರುವಷ್ಟು ದಿನ ಅವರದು, ಬೇರೆ ಕಡೆ ಇರಲು ಹೋದರೆ ಅವೂ ಟ್ರಸ್ಟಿಗೆ. ನಾಲ್ಕು ಜನರ ಮುಂದೆ ಹಾಗೆ ಮಾತಾಗಿತ್ತು. ನಾನು ಮುಂಬಾಗಿಲಲ್ಲಿ ಕುಳಿತು ಟಿಕೆಟು ಹರಿಯುತ್ತಿದ್ದೆ.

ಜನ ಪಲ್ಲಕ್ಕಿ, ತೊಟ್ಟಿಲು, ಹಿತ್ತಾಳೆಯ ಹಂಡೆ ನೋಡಿ ಕೊನೆಗೆ ಹಿತ್ತಲಿಗೆ ಬರುತ್ತಿದ್ದರು. ದವನ, ಮರುಗ, ಬಜೆ, ಅಮೃತಬಳ್ಳಿ, ಅಬ್ಬಲಿಗೆ, ದುಂಡುಮಲ್ಲಿಗೆ… ಎಲ್ಲ ವೈನಿ ಮದುವೆಯಾಗಿ ಬಂದ ಮೇಲೆ ಹಚ್ಚಿದ್ದು. ಈಗ ಪ್ರತಿ ಗಿಡದ ಬುಡಕ್ಕೂ ಹೆಸರಿನ ಹಲಗೆ, ಸುತ್ತ ಹಗ್ಗ. ಒಂದು ಬೆಳಿಗ್ಗೆ ದೇವರಿಗೆಂದು ಮಲ್ಲಿಗೆ ಹರಿಯುತ್ತಿದ್ದಾಗ ಮ್ಯಾನೇಜರು ಮರ್ಯಾದೆಯಿಂದಲೇ ಹೇಳಿದರು: "ತಪ್ಪು ತಿಳ್ಕೋಬ್ಯಾಡ್ರಿ ವೈನಿ. ನೀವ ಹರಕೊಂಡ್ರ, ಬಂದ ಮಂದಿಗೆ ಬ್ಯಾಡ ಅನ್ನಾಕ ನಮಗ ಬಾಯಿ ಇರಂಗಿಲ್ಲ." ಅವತ್ತಿನಿಂದ ವೈನಿ ನೀರು ಹಾಕುತ್ತಿದ್ದರು, ಹೂ ಮುಟ್ಟುತ್ತಿರಲಿಲ್ಲ. ಅವರ ದೇವರಿಗೆ ಪೇಟೆಯಿಂದ ನಾನು ಹೂ ತಂದುಕೊಡುತ್ತಿದ್ದೆ.

ಅವರ ಕಿಟಕಿ ಇದ್ದದ್ದೂ ಹಿತ್ತಲಿನ ಕಡೆಗೇ. ನೋಡಲು ಬಂದವರು ಒಳಗೆ ಇಣುಕುತ್ತಿದ್ದರು, ರೊಟ್ಟಿ ಬಡಿಯುತ್ತ ಕುಳಿತವರ ಫೋಟೋ ತೆಗೆಯುತ್ತಿದ್ದರು. ಹಾಗಾಗಿ ಮ್ಯೂಸಿಯಂ ಬಾಗಿಲು ಹಾಕುವ ತನಕ ವೈನಿ ಕಿಟಕಿ ಮುಚ್ಚಿಕೊಂಡು ಬೇಸಿಗೆಯಲ್ಲೂ ಒಳಗೇ ಬೇಯುತ್ತಿದ್ದರು. ಮುಂಡಗೋಡಕ್ಕೆ ತಂಗಿಯ ಮನೆಗೆ ಹೋದರೂ ಸಂಜೆಯ ಬಸ್ಸಿಗೆ ಓಡಿ ಬರುತ್ತಿದ್ದರು.

ಆ ತಂಗಿ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವರಿಗೂ ಹಿಂದೆ ಮುಂದೆ ಯಾರೂ ಇಲ್ಲ. ಸುದ್ದಿ ಕೇಳಿ ವೈನಿ ಚೀಲ ತುಂಬಿದರು, ಮತ್ತೆ ಬಿಚ್ಚಿದರು.

"ಹೋದ್ರ ಇಲ್ಲೆ ಕೀಲಿ ಬೀಳತೈತಿ. ಹೋಗಲಿಲ್ಲಂದ್ರ ಆಕಿ ಹಾಸಿಗ್ಯಾಗ ಕೊಳೀತಾಳ. ಏನ ಮಾಡ್ಲಿ ಹೇಳವಾ?"

"ನೀವು ಹೋಗ್ರಿ. ದಿನಾ ನಿಮ್ಮ ಸೀರಿ ಒಣಾ ಹಾಕಿ, ಇಲ್ಲೇ ಅದಾರ ಅಂತೇನಿ" ಎಂದೆ.

ವೈನಿ ಸೆರಗು ಬಾಯಿಗಿಟ್ಟು ನಕ್ಕರು. ಅವರು ನಕ್ಕದ್ದನ್ನು ಕಂಡದ್ದು ಅಪರೂಪ.

ವೈನಿ ಹೋದ ಮರುದಿನದಿಂದ ಅವರ ಸೀರೆಯನ್ನು ನೀರಲ್ಲಿ ಅದ್ದಿ ಹಿತ್ತಲ ತಂತಿಗೆ ಹಾಕತೊಡಗಿದೆ. ಮ್ಯಾನೇಜರು ಕೇಳಿದರೆ "ಮೈಯಾಗ ಆರಾಮಿಲ್ರಿ, ಮಲಗ್ಯಾರ" ಎನ್ನುತ್ತಿದ್ದೆ. ಕೆಲವು ವಾರ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಅತಿಥಿಗಳಿಗೆ ವಾಡೆ ತೋರಿಸಲು ಬಂದ ಭಾವ, ತಮ್ಮನ ಹೆಂಡತಿಯನ್ನು ಮಾತಾಡಿಸಲೆಂದು ಕದ ತಟ್ಟಿದರು. ತೆರೆಯಲು ಒಳಗೆ ಯಾರಿದ್ದರು… ತಂತಿಯ ಮೇಲಿನ ಹಸಿ ಸೀರೆ ನೋಡಿದರು, ನನ್ನನ್ನು ನೋಡಿದರು. ಸಂಜೆಯೊಳಗೆ ಆ ಕೋಣೆಗಳಿಗೆ ಕೀಲಿ ಬಿತ್ತು. ನನ್ನನ್ನೇಕೋ ಕೆಲಸದಿಂದ ತೆಗೆಯಲಿಲ್ಲ.

ಫೋನು ಮಾಡಿ ತಿಳಿಸಿದೆ, ವೈನಿ ಬಂದರು. ಮ್ಯಾನೇಜರು ಕೀಲಿ ತೆಗೆದು, "ಸಾಹೇಬ್ರಿಗೆ ಒಂದ ಮಾತು ಕೇಳ್ರಿ, ಒಪ್ಪತಾರ" ಎಂದರು.

"ಕೇಳಿ ಕೇಳಿ ಸಾಕಾಗೈತ್ರಿ" ಎಂದು ವೈನಿ ಟ್ರಂಕಿಗೆ ಬಟ್ಟೆ ತುಂಬಿದರು. ಆಮೇಲೆ ಹಗ್ಗ ದಾಟಿ ಪಾತಿಗೆ ಇಳಿದು, ಪ್ರವಾಸಿಗರು ನೋಡುತ್ತಿದ್ದಂತೆಯೇ ಉಡಿ ತುಂಬ ಮಲ್ಲಿಗೆ, ಅಬ್ಬಲಿಗೆ ಹರಿದುಕೊಂಡರು. "ವೈನೀ…" ಎಂದ ಮ್ಯಾನೇಜರು ತಿರುಗಿ ಒಳಗೆ ನಡೆದರು.

ಮರುವರ್ಷ ನಾನು ಮುಂಡಗೋಡಕ್ಕೆ ಹೋದೆ. ಇನ್ನಾದರೂ ಬಿಡುಗಡೆ ಸಿಕ್ಕಿರಬೇಕು ಎಂದುಕೊಂಡಿದ್ದೆ. ಒಂದೇ ಕೋಣೆಯ ಮನೆ, ತಂಗಿ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ವೈನಿ ನೀರು ತರಲು ಹೊರಗೆ ಕಾಲಿಟ್ಟರೂ "ಅಕ್ಕಾ, ಎಲ್ಲಿ ಹೋದಿ" ಎಂದು ಕೂಗುತ್ತಿದ್ದರು. ಗಿಡ ಹಚ್ಚಲು ಅಂಗೈಯಗಲ ನೆಲವಿರಲಿಲ್ಲ.

"ಇಲ್ಲಿಂದನೂ ಎದ್ದ ಹೋಗಾಕ ಬರಂಗಿಲ್ಲವಾ" ಎಂದರು ವೈನಿ. "ಆದ್ರ ಇಕಿ ನಾ ಬೇಕಂತ ಹಿಡಕೊಂಡಾಳ."

ಹೋದ ಮಳೆಗಾಲದಲ್ಲಿ ವೈನಿ ತೀರಿಕೊಂಡರಂತೆ, ತಂಗಿಗಿಂತ ಮೊದಲೇ. ನನಗೆ ತಿಳಿಯುವಾಗ ಎಲ್ಲ ಮುಗಿದಿತ್ತು. ನಾನು ಈಗಲೂ ಆ ಮುಂಬಾಗಿಲಲ್ಲೇ ಕೂರುತ್ತೇನೆ. ಈ ವಯಸ್ಸಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ… ಹಿಂದಿನ ಕೋಣೆಗಳಲ್ಲಿ ವೈನಿ ಬಿಟ್ಟುಹೋದ ಬೀಸುಕಲ್ಲು, ಮಣೆ, ಒಲೆಗಳನ್ನು ಜೋಡಿಸಿ ನೋಡಲು ಇಟ್ಟಿದ್ದಾರೆ.

ಹುಬ್ಬಳ್ಳಿಯಿಂದ ಬಂದ ಮರುದಿನ ಒಬ್ಬ ಹೆಣ್ಣುಮಗಳು ಅದನ್ನೆಲ್ಲ ನೋಡಿ ಬಂದು, "ಈ ಮನಿಯವರು ಯಾರರ ಇಲ್ಲೆ ಅದಾರೇನ್ರಿ?" ಎಂದು ಕೇಳಿದಳು.

"ಒಬ್ಬಾಕಿ ಇದ್ರು" ಎಂದೆ. ಆಕೆ ಇನ್ನೂ ಏನೋ ಕೇಳುವವಳಿದ್ದಳು. ಹಿಂದೆ ನಿಂತವರು ಕೈ ಚಾಚಿದರು, ನಾನು ತಲೆ ತಗ್ಗಿಸಿ ಅವರ ಟಿಕೆಟು ಹರಿದೆ.